ಅರ್ಧಕ್ಕೆ ನಿಂತ ಕೆಲಸಕ್ಕೊಂದು ಶೆಲ್ಫು

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ನಿಮ್ಮ ಮನೆಯಲ್ಲಿ ಮಗು ರಟ್ಟಿನ ಡಬ್ಬ, ಬಾಟಲಿ ಮುಚ್ಚಳ, ದಾರ ಎಲ್ಲ ಹರಡಿಕೊಂಡು ಏನನ್ನೋ ಅರ್ಧ ಮಾಡಿ ಹಾಲ್‌ನಲ್ಲೇ ಬಿಟ್ಟು ಮಲಗಿತು ಅಂದುಕೊಳ್ಳಿ. ಅದು ಎಷ್ಟು ಹೊತ್ತು ಅಲ್ಲಿರುತ್ತದೆ? ಬೆಳಗ್ಗೆ ಕಸ ಗುಡಿಸುವವರೆಗೆ, ಅಷ್ಟೇ ಅಲ್ವಾ. ಇದರಲ್ಲಿ ಅಮ್ಮಂದಿರ ತಪ್ಪೇನೂ ಇಲ್ಲ. ನಮ್ಮ ಕಡೆ ಎಷ್ಟೋ ಮಕ್ಕಳ ಮನೆ ಅಂದರೆ ಒಂದು ರೂಮು, ಒಂದು ಅಡುಗೆ ಮೂಲೆ. ಹಗಲು ಕೂರುವ ಜಾಗದಲ್ಲೇ ರಾತ್ರಿ ಹಾಸಿಗೆ ಹಾಸಬೇಕು. ಅಲ್ಲಿ ಒಂದು ರಟ್ಟಿನ ಕೋಟೆ ನಾಲ್ಕು ದಿನ ನಿಲ್ಲಲಿ ಅಂದರೆ ಯಾರ ತಲೆ ಮೇಲೆ ನಿಲ್ಲಬೇಕು?

ಶಾಲೆಯಲ್ಲಿ 40 ನಿಮಿಷಕ್ಕೊಮ್ಮೆ ಬೆಲ್ ಹೊಡೆಯುತ್ತದೆ. ಟ್ಯೂಷನ್‌ನಲ್ಲಿ ಅವತ್ತಿನದು ಅವತ್ತೇ ಮುಗಿಯಬೇಕು. ಹಾಗಾಗಿ ಬೆಂಗಳೂರಿನ ಒಂದು ಮಗು ಒಂದೇ ಕೆಲಸಕ್ಕೆ ಮೂರು ವಾರ ಕೈಹಾಕಿಕೊಂಡು ಕೂರಬಹುದಾದ ಜಾಗ ಎಲ್ಲಿದೆ ಅಂತ ಹುಡುಕಿದರೆ ಸಿಗುವುದೇ ಕಷ್ಟ. ನಾನು ಇವತ್ತು ಮಾತಾಡುವುದು ಅಂಥ ಜಾಗಗಳ ಬಗ್ಗೆ. ಸಂಜೆ 4ರಿಂದ 7ರವರೆಗೆ ಮಕ್ಕಳು ಬಂದು ತಮಗೆ ಬೇಕಾದ್ದನ್ನು ತಾವೇ ಮಾಡಿಕೊಳ್ಳುವ ಒಂದು ರೂಮನ್ನು ನಾವು ಕೆಲವರು ಸೇರಿ ನಡೆಸುತ್ತೇವೆ. ನೋಡಲು ಬರುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಏನೇನು ಮೆಷಿನ್ ಇಟ್ಟಿದ್ದೀರಿ? ತ್ರೀಡಿ ಪ್ರಿಂಟರ್ ಇದೆಯಾ?" ನಾನು ಅವರನ್ನು ಸೀದಾ ಗೋಡೆ ಪಕ್ಕದ ಕಬ್ಬಿಣದ ರ್‍ಯಾಕ್ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅದರ ತುಂಬಾ ಚಪ್ಪಲಿ ಡಬ್ಬಗಳು. ಒಂದೊಂದರ ಮೇಲೂ ಒಂದು ಹೆಸರು, ಒಳಗೆ ಅರ್ಧಕ್ಕೆ ನಿಂತ ಏನೋ ಒಂದು. ನಮ್ಮಲ್ಲಿ ಅತಿ ಮುಖ್ಯವಾದ ಉಪಕರಣ ಅದೇ. ತಮಾಷೆಗೆ ಹೇಳುತ್ತಿಲ್ಲ.

ಸೆಮೋರ್ ಪ್ಯಾಪರ್ಟ್ ಅಂತ ಒಬ್ಬರು ಗಣಿತಜ್ಞರಿದ್ದರು, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ. ಮಕ್ಕಳಿಗಾಗಿ ಲೋಗೋ ಅನ್ನುವ ಕಂಪ್ಯೂಟರ್ ಭಾಷೆ 1967ರಲ್ಲಿ ಬಂತಲ್ಲ, ಅದನ್ನು ರೂಪಿಸಿದವರಲ್ಲಿ ಇವರೂ ಒಬ್ಬರು. ಆ ಕಾಲದಲ್ಲಿ ಅವರು ಒಂದು ಶಾಲೆಗೆ ಗಣಿತದ ಕೆಲಸಕ್ಕೆ ಹೋಗಿ ಬರುತ್ತಿದ್ದರು. ದಾರಿಯಲ್ಲಿ ಚಿತ್ರಕಲೆಯ ಕೋಣೆ. ಅಲ್ಲಿ ಮಕ್ಕಳು ಸೋಪಿನ ತುಂಡಿನಲ್ಲಿ ಗೊಂಬೆ ಕೆತ್ತುತ್ತಿದ್ದರು. ಇವತ್ತು ನೋಡಿದರೂ ಅದೇ ಸೋಪು, ಮುಂದಿನ ವಾರ ನೋಡಿದರೂ ಅದೇ ಸೋಪು. ಯೋಚನೆ ಮಾಡಲು, ಸುಮ್ನೆ ಕೂತು ನೋಡಲು, ಪಕ್ಕದವರದ್ದನ್ನು ನೋಡಿ ತಮ್ಮದನ್ನು ಬದಲಾಯಿಸಲು ಮಕ್ಕಳಿಗೆ ಬೇಕಾದಷ್ಟು ಹೊತ್ತಿತ್ತು. ಗಣಿತದ ಕ್ಲಾಸಿನಲ್ಲಿ ಮಾತ್ರ ಲೆಕ್ಕ ಕೊಟ್ಟರು, ಬಿಡಿಸಿದರು, ಮುಗಿಯಿತು. ಗಣಿತ ಯಾಕೆ ಸೋಪಿನ ಹಾಗೆ ಇರಬಾರದು ಅಂತ ಅವರ ತಲೆಗೆ ಹೊಕ್ಕಿದ್ದು ಅಲ್ಲಿ. ನಾಲ್ಕು ಜನಕ್ಕೆ ತೋರಿಸಬಹುದಾದ ವಸ್ತುವನ್ನು ಕೈಯಾರೆ ಕಟ್ಟುವಾಗ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ ಅನ್ನುವುದು ಮುಂದೆ ಅವರ ದೊಡ್ಡ ವಾದವಾಯಿತು. ಎಲ್ಲರೂ ಈ ವಾದದ 'ಕೈಯಾರೆ' ಭಾಗವನ್ನು ಹಿಡಿದುಕೊಂಡರು. ವಾರಗಟ್ಟಲೆ ಅನ್ನುವ ಭಾಗವನ್ನು ಮರೆತರು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಕಥೆ ಬಾಸ್ಟನ್‌ದು. ಅಲ್ಲಿ ಕಂಪ್ಯೂಟರ್ ಮ್ಯೂಸಿಯಂ ಅಂತ ಒಂದಿತ್ತು. 1989ರ ಕೊನೆಯಲ್ಲಿ ಶಾಲಾ ರಜೆಗೆ ಅಲ್ಲಿ ಒಂದು ವಾರ ಲೆಗೋ ಇಟ್ಟಿಗೆಗಳನ್ನು ಮೋಟರಿಗೆ, ಕಂಪ್ಯೂಟರಿಗೆ ಜೋಡಿಸಿ ಆಡುವ ಏರ್ಪಾಟು ಮಾಡಿದರು. ಅಕ್ಕಪಕ್ಕದ ಬೀದಿಯ ನಾಲ್ಕು ಮಕ್ಕಳು ಬಂದರು, ದಿನಾ ಬಂದರು. ರಜೆ ಮುಗಿಯಿತು, ಸಾಮಾನೆಲ್ಲ ಒಳಗೆ ಹೋಯಿತು. ಆಮೇಲೂ ಆ ಮಕ್ಕಳು ಮ್ಯೂಸಿಯಂ ಒಳಗೆ ನುಸುಳಿ ಬರತೊಡಗಿದರು. ಮಕ್ಕಳ ಗುಂಪೊಂದು ಕಳ್ಳತನದಲ್ಲಿ ಒಳಗೆ ಬರುತ್ತಿದೆ, ಹುಷಾರು ಅಂತ ಅಲ್ಲಿಯ ಸಿಬ್ಬಂದಿಗೆ ಸೂಚನೆಯೂ ಹೋಯಿತು! ಆ ರಜಾ ವಾರ ನಡೆಸಿದ್ದ ನ್ಯಾಟಲಿ ರಸ್ಕ್, ಎಂಐಟಿಯ ಮಿಚೆಲ್ ರೆಸ್ನಿಕ್ ಅವರಿಗೆ ಆಗ ಹೊಳೆಯಿತು. ಈ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಹೋಗಲು ಇಂಥದ್ದೊಂದು ಜಾಗ ಊರಿನಲ್ಲೇ ಇಲ್ಲ ಅಂತ. 1993ರಲ್ಲಿ ಅದೇ ಮ್ಯೂಸಿಯಂನಲ್ಲಿ ಕಂಪ್ಯೂಟರ್ ಕ್ಲಬ್‌ಹೌಸ್ ಶುರುವಾಯಿತು. 10ರಿಂದ 18 ವಯಸ್ಸಿನವರಿಗೆ. ಫೀಸಿಲ್ಲ, ಪರೀಕ್ಷೆಯಿಲ್ಲ. ಬೇಕಾದಾಗ ಬನ್ನಿ, ನಿಮಗೆ ಇಷ್ಟವಾದದ್ದನ್ನು ಮಾಡಿ. 2000ದಿಂದ ಇಂಟೆಲ್ ಕಂಪನಿ ಹಣ ಹಾಕಿದ್ದರಿಂದ ಅದು ಬೇರೆ ಬೇರೆ ದೇಶಗಳಿಗೂ ಹೋಯಿತು. ಈಗ ಮಕ್ಕಳೆಲ್ಲ ಬಳಸುವ ಸ್ಕ್ರ್ಯಾಚ್ ಅನ್ನುವ ಕಂಪ್ಯೂಟರ್ ಭಾಷೆ ಇದೆಯಲ್ಲ, 2007ರಲ್ಲಿ ಬಂದದ್ದು, ಅದನ್ನು ಮಾಡಿದ್ದೂ ಇದೇ ರೆಸ್ನಿಕ್ ಅವರ ತಂಡ. ಇಂಥ ಕ್ಲಬ್‌ಹೌಸ್‌ಗಳಲ್ಲಿ ಮಕ್ಕಳು ಏನು ಮಾಡುತ್ತಾರೆ ಅಂತ ನೋಡಿ ನೋಡಿಯೇ ಅದಕ್ಕೆ ಆ ರೂಪ ಬಂತು.

ಇದು ಕಂಪ್ಯೂಟರ್ ಬಂದ ಮೇಲಿನ ಮಾತು ಅಂತಲೂ ಅಂದುಕೊಳ್ಳಬೇಡಿ. 1943ರಲ್ಲಿ, ಡೆನ್ಮಾರ್ಕ್ ಜರ್ಮನ್ನರ ಕೈಯಲ್ಲಿದ್ದಾಗ, ಕೋಪನ್‌ಹೇಗನ್‌ನ ಎಮ್‌ಡ್ರಪ್ ಅನ್ನುವಲ್ಲಿ, ಮಕ್ಕಳು ಗುಜರಿ ಸಾಮಾನಿನಲ್ಲಿ ಕಟ್ಟಿ ಆಡುವ ಒಂದು ಮೈದಾನ ಶುರುವಾಯಿತು. ಅದರ ಹಿಂದಿದ್ದ ಸೋರೆನ್‌ಸನ್ ಉದ್ಯಾನಗಳ ವಿನ್ಯಾಸ ಮಾಡುತ್ತಿದ್ದವರು. ಅಚ್ಚುಕಟ್ಟಾಗಿ ಕಟ್ಟಿಕೊಟ್ಟ ಆಟದ ಮೈದಾನ ಬಿಟ್ಟು ಮಕ್ಕಳು ಕಟ್ಟಡ ಕಟ್ಟುವ ಜಾಗಕ್ಕೆ, ಗುಜರಿ ಬಿದ್ದಿರುವ ಜಾಗಕ್ಕೆ ಹೋಗಿ ಆಡುವುದನ್ನು ಅವರು ಗಮನಿಸಿದ್ದರು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ನಮ್ಮ ರಸ್ತೆಯಲ್ಲಿ ಯಾರದೋ ಮನೆ ಮುಂದೆ ಒಂದು ಲೋಡ್ ಎಂ-ಸ್ಯಾಂಡ್ ಬಿದ್ದರೆ ಸಾಕು, ಪಾರ್ಕಿನ ಜಾರುಬಂಡೆ ಖಾಲಿ.

ನಮ್ಮೂರಿಗೇ ಬರೋಣ. ಮಕ್ಕಳಿಗೆ ಅಂತಲೇ ಜಾಗ ಮಾಡುವುದು ಬೆಂಗಳೂರಿಗೆ ಹೊಸದಲ್ಲ. ಚಾಮರಾಜಪೇಟೆಯ ಮಕ್ಕಳ ಕೂಟವನ್ನು ಆರ್. ಕಲ್ಯಾಣಮ್ಮನವರು ಸ್ವಾತಂತ್ರ್ಯಕ್ಕೆ ಮೊದಲೇ ಕಟ್ಟಿದ್ದರು. ಆ ಸರ್ಕಲ್ಲಿಗೆ ಇವತ್ತಿಗೂ ಅದೇ ಹೆಸರು, ಬಸ್ಸಿನಲ್ಲಿ ಹೋಗುವ ಎಷ್ಟು ಜನಕ್ಕೆ ಯಾಕೆ ಅಂತ ಗೊತ್ತೋ. ಕಬ್ಬನ್ ಪಾರ್ಕಿನಲ್ಲಿ ಬಾಲಭವನ ಇದೆ, ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯ ಇದೆ. 1979ರಲ್ಲಿ ಪ್ರೇಮಾ ಕಾರಂತರು ಮಕ್ಕಳ ನಾಟಕಕ್ಕಾಗಿ ಬೆನಕ ಮಕ್ಕಳ ಕೇಂದ್ರ ಶುರು ಮಾಡಿದರು. ನಾಟಕದವರಿಗೆ ನಾನು ಹೇಳುತ್ತಿರುವುದು ಬೇಗ ಅರ್ಥವಾಗುತ್ತದೆ. ನಾಟಕ ಅಂದಮೇಲೆ ಮುಖವಾಡ ಇವತ್ತು ಅರ್ಧ ಆಗಿರುತ್ತದೆ, ನಾಳೆ ಬಣ್ಣ, ನಾಡಿದ್ದು ಒಂದು ಕಿವಿ ಕಿತ್ತುಬರುತ್ತದೆ, ಮತ್ತೆ ಅಂಟಿಸಬೇಕು.

ಬೇಸಿಗೆ ಶಿಬಿರಗಳ ಕಥೆ ಬೇರೆ. ಏಪ್ರಿಲ್ ಬಂತು ಅಂದರೆ ಗಲ್ಲಿಗೊಂದು ಬ್ಯಾನರ್. ಹತ್ತು ದಿನ, ಹತ್ತು ಐಟಂ. ಇವತ್ತು ಪೆನ್ ಸ್ಟ್ಯಾಂಡ್, ನಾಳೆ ಒರಿಗಾಮಿ. ಸಂಜೆ 30 ಮಕ್ಕಳು ಒಂದೇ ಥರದ 30 ಪೆನ್ ಸ್ಟ್ಯಾಂಡ್ ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ಅಪ್ಪ ಅಮ್ಮನಿಗೆ ಖುಷಿ, ಕೊಟ್ಟ ಹಣಕ್ಕೆ ಲೆಕ್ಕ ಸಿಕ್ಕಿತು. ಮಕ್ಕಳಿಗೂ ಬೇಜಾರಿಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿ ಯಾವುದೂ ಕೆಡುವುದಿಲ್ಲ. ಕೆಡದಂತೆ ಮೊದಲೇ ಯಾರೋ ದೊಡ್ಡವರು ಯೋಚಿಸಿ ಇಟ್ಟಿರುತ್ತಾರೆ. ಯೋಚಿಸುವ ಭಾಗ ಅವರಿಗೆ, ಫೆವಿಕಾಲ್ ಹಚ್ಚುವ ಭಾಗ ಮಕ್ಕಳಿಗೆ.

ಹಾಗಾದರೆ ಸರ್ಕಾರ ಏನೂ ಮಾಡಿಲ್ಲವಾ? ಮಾಡಿದೆ. 2016ರಿಂದ ನೀತಿ ಆಯೋಗದ ಕಡೆಯಿಂದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದವು, ಶಾಲೆಯೊಳಗೇ ಮಕ್ಕಳು ಕೈಯಾರೆ ಮಾಡಿ ನೋಡುವ ಕೋಣೆಗಳು. 6ರಿಂದ 12ನೇ ಕ್ಲಾಸಿನ ಮಕ್ಕಳಿಗೆ. ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. 10 ಲಕ್ಷ ಲ್ಯಾಬ್ ಕಟ್ಟಲು, ಉಳಿದ 10 ಲಕ್ಷ ಐದು ವರ್ಷ ನಡೆಸಲು. ದೇಶದಲ್ಲಿ 10,000 ಶಾಲೆಗಳಿಗೆ ಹೋಗಿದೆ, 2025ರ ಬಜೆಟ್ಟಿನಲ್ಲಿ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಅಂದಿದ್ದಾರೆ. ಒಳ್ಳೆಯ ಯೋಜನೆ. ಚೆನ್ನಾಗಿ ನಡೆಯುವ ಲ್ಯಾಬ್‌ಗಳನ್ನೂ ನೋಡಿದ್ದೇನೆ. ಬೀಗ ಹಾಕಿರುವುದನ್ನೂ ನೋಡಿದ್ದೇನೆ, ಬೀಗದ ಕೈ ಹೆಡ್‌ಮಾಸ್ಟರ್ ಟೇಬಲ್ಲಿನ ಡ್ರಾಯರ್‌ನಲ್ಲಿ. ಜನ ಮೇಷ್ಟ್ರುಗಳನ್ನು ಬೈಯುತ್ತಾರೆ. ನಾನು ಬೈಯುವುದಿಲ್ಲ. ಸರ್ಕಾರಿ ಹಣದಲ್ಲಿ ಬಂದ ಪ್ರತಿಯೊಂದು ಸಾಮಾನೂ ಸ್ಟಾಕ್ ರಿಜಿಸ್ಟರ್‌ಗೆ ಹತ್ತಿರುತ್ತದೆ. ನಾಳೆ ಆಡಿಟ್‌ನವರು ಬಂದು "ಎಲ್ಲಿ ಆ ಮೋಟರು?" ಅಂದರೆ, ಮಗು ಸುಟ್ಟುಹಾಕಿತು ಸ್ವಾಮಿ ಅನ್ನಲು ಎಷ್ಟು ಜನರಿಗೆ ಧೈರ್ಯವಿದೆ? ರಿಜಿಸ್ಟರ್‌ನಲ್ಲಿರುವ ವಸ್ತುವನ್ನು ಮಕ್ಕಳ ಕೈಗೆ ಕೊಟ್ಟರೂ ಕಣ್ಣು ಅದರ ಮೇಲೇ ಇರುತ್ತದೆ. ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಅದಕ್ಕೇ ನಮ್ಮಲ್ಲಿ ಜಾಸ್ತಿ ಭಾಗ ಗುಜರಿ. ಕೆಟ್ಟ ಮಿಕ್ಸಿ, ಹಳೆ ಡಿವಿಡಿ ಪ್ಲೇಯರ್, ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮಂದಿರು ತರುವ ಬಟ್ಟೆ ತುಂಡು. ಮುರಿದರೆ ಯಾರೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಗುಜರಿಯಲ್ಲಿ ಸಿಗದ ಸಣ್ಣಪುಟ್ಟದ್ದಕ್ಕೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್ ಇದ್ದೇ ಇದೆ. ಬೆಂಗಳೂರಿನ ಮಕ್ಕಳ ದೊಡ್ಡ ಅದೃಷ್ಟ ಆ ರೋಡು. ಬಿಡಿ ಎಲ್‌ಇಡಿ ಬೇಕಾ, ಬಜರ್ ಬೇಕಾ, ಚಿಲ್ಲರೆ ಕಾಸಿಗೆ ಸಿಗುತ್ತದೆ. ಅರವಿಂದ ಗುಪ್ತ ಅವರ ಹೆಸರು ಕೇಳಿರುತ್ತೀರಿ, ಐಐಟಿಯಲ್ಲಿ ಓದಿ ಕಸದಿಂದ ಆಟಿಕೆ ಮಾಡುವುದನ್ನೇ ಜೀವನ ಮಾಡಿಕೊಂಡವರು, 2018ರಲ್ಲಿ ಪದ್ಮಶ್ರೀ ಬಂತು. ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬ್ ತುಂಡು, ಇವೆರಡರಲ್ಲೇ ತ್ರಿಕೋನ, ಘನ, ಗುಡಾರ ಎಲ್ಲ ಕಟ್ಟಿಸುತ್ತಾರೆ. ಹೊಸದಾಗಿ ಬರುವ ಚಿಕ್ಕ ಮಕ್ಕಳಿಗೆ ನಾವು ಮೊದಲು ಕೈಗೆ ಕೊಡುವುದು ಇದನ್ನೇ.

ಈಗ ಒಂದು ಉದಾಹರಣೆ, ಸ್ವಲ್ಪ ಉದ್ದ ಇದೆ, ತಡೆದುಕೊಳ್ಳಿ. ಎಂಟನೇ ಕ್ಲಾಸಿನ ಒಬ್ಬ ಹುಡುಗಿ. ಅವರ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ರಾತ್ರಿ ಯಾವ ಹೊತ್ತಿಗೋ ಬರುತ್ತದೆ. ಅಮ್ಮ ನಿದ್ದೆಗೆಟ್ಟು ಡ್ರಮ್ ಪಕ್ಕ ಕಾಯಬೇಕು. "ಅಕ್ಕ, ಡ್ರಮ್ ತುಂಬಿದಾಗ ಅದೇ ಕೂಗೋ ಥರ ಮಾಡಬಹುದಾ?" ಅಂತ ಕೇಳಿದಳು. ಮಾಡಿ ನೋಡು ಅಂದೆ. ಬ್ಯಾಟರಿ, ಬಜರ್, ಎರಡು ವೈರು. ವೈರಿನ ತುದಿ ಎರಡನ್ನೂ ನೀರಿಗೆ ಹಾಕಿದಳು. ಕೂಗಲಿಲ್ಲ. ಕಿವಿ ಹತ್ತಿರ ಇಟ್ಟರೆ ಸೊಳ್ಳೆಯಷ್ಟು ಸದ್ದು. ನೀರಿನಲ್ಲಿ ಕರೆಂಟ್ ಹರಿಯುತ್ತದೆ ಅಂತ ಪಾಠದಲ್ಲಿದೆಯಲ್ಲ ಅಂತ ಅವಳಿಗೆ ಸಿಟ್ಟು. ಹರಿಯುತ್ತದೆ, ಆದರೆ ಬಜರಿಗೆ ಸಾಲುವಷ್ಟು ಹರಿಯುವುದಿಲ್ಲ. ಡಬ್ಬ ಶೆಲ್ಫಿಗೆ ಹೋಯಿತು.

ಕೆಲವು ದಿನ ಅದರ ಕಡೆ ತಿರುಗಿಯೂ ನೋಡಲಿಲ್ಲ. ಬೇರೆಯವರ ಗಾಳಿಪಟಕ್ಕೆ ಬಾಲ ಕಟ್ಟುತ್ತಿದ್ದಳು. ಆಮೇಲೆ ನಮ್ಮಲ್ಲಿಗೆ ಬರುವ ಒಬ್ಬ ಹಿರಿಯರ ಪಕ್ಕ ಕೂತಾಗ ಟ್ರಾನ್ಸಿಸ್ಟರ್ ವಿಷಯ ಬಂತು. ಬಿ.ಸಿ. 547 ಅಂತ, ಬೆರಳ ತುದಿಯಷ್ಟಿರುತ್ತದೆ, ಕೆಲವೇ ರೂಪಾಯಿ. ಒಂದು ಕಾಲಿಗೆ ಚೂರೇ ಚೂರು ಕರೆಂಟ್ ಕೊಟ್ಟರೆ ಇನ್ನೆರಡು ಕಾಲುಗಳ ನಡುವೆ ಅದಕ್ಕಿಂತ ತುಂಬಾ ಜಾಸ್ತಿ ಕರೆಂಟ್ ಬಿಡುತ್ತದೆ. ಅಂದರೆ ನೀರು ಸ್ವಿಚ್ ಒತ್ತಿದರೆ ಸಾಕು, ಬಜರನ್ನು ಓಡಿಸುವುದು ಬ್ಯಾಟರಿ. ಅವತ್ತು ರೂಮೆಲ್ಲ ಕೂಗೋ ಕೂಗು. ಪಕ್ಕದ ಮನೆಯವರು ಬಂದು ಕೇಳಿದರು.

ಇಲ್ಲಿಗೆ ನಿಲ್ಲಿಸಿದ್ದರೆ ಅದು ವಿಜ್ಞಾನ ಪ್ರದರ್ಶನದ ಮಾದರಿ. ಬಹುಮಾನವೂ ಬರುತ್ತಿತ್ತು. ಅವಳು ಬ್ಯಾಟರಿ ಎಷ್ಟು ದಿನ ಬರುತ್ತದೆ ನೋಡೋಣ ಅಂತ ಬಜರ್ ತೆಗೆದು ಎಲ್‌ಇಡಿ ಹಾಕಿ, ವೈರನ್ನು ನೀರು ತುಂಬಿದ ಬಾಟಲಿಯಲ್ಲಿ ಮುಳುಗಿಸಿ ಶೆಲ್ಫಿನಲ್ಲಿ ಬಿಟ್ಟು ಹೋದಳು. ಎರಡು ಮೂರು ದಿನದಲ್ಲಿ ಬೆಳಕು ಮಂಕಾಯಿತು. ಬ್ಯಾಟರಿ ಅಳೆದರೆ ಚೆನ್ನಾಗಿಯೇ ಇದೆ. ನೋಡಿದರೆ ಪ್ಲಸ್ ಕಡೆಯ ತಾಮ್ರದ ತಂತಿಯ ತುದಿ ಹಸಿರುಗಟ್ಟಿ ಸವೆದಿದೆ. ಕರೆಂಟ್ ಒಂದೇ ದಿಕ್ಕಿಗೆ ಹರಿದು ಹರಿದು ತಾಮ್ರ ನೀರಿಗೆ ಬಿಟ್ಟುಕೊಳ್ಳುತ್ತಿತ್ತು. ಇದನ್ನು ಯಾವ ಒಂದು ಗಂಟೆಯ ಕ್ಲಾಸೂ ತೋರಿಸುವುದಿಲ್ಲ, ನೋಡಿ. ಎರಡು ಮೂರು ದಿನ ಅಲ್ಲೇ ಬಿದ್ದಿದ್ದಕ್ಕೆ ಕಾಣಿಸಿತು. ಕೊನೆಗೆ ತಾಮ್ರದ ತುದಿಗಳ ಬದಲು ಎರಡು ಹಳೆ ಸ್ಟೀಲ್ ಚಮಚ ಹಾಕಿದಳು, ಮನೆಯಿಂದ ತಂದದ್ದು, ಅಮ್ಮನಿಗೆ ಹೇಳಿ ತಂದಳೋ ಹೇಳದೆ ತಂದಳೋ ನಾನು ಕೇಳಲಿಲ್ಲ.

ನಡುವೆ ಇನ್ನೊಂದು ಪ್ರಶ್ನೆ ತಂದಳು. ನೀರು ಯಾಕೆ ರಾತ್ರಿಯೇ ಬರಬೇಕು? ಎಲ್ಲರೂ ಸೇರಿ ನಕ್ಷೆ ಹಾಸಿಕೊಂಡು ಕೂತೆವು. ಕಾವೇರಿ ನೀರನ್ನು ಪಂಪ್ ಮಾಡುವ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ಅಲ್ಲಿಂದ ತಾತಗುಣಿ, ಅಲ್ಲಿಂದ ಊರಿಗೆ. ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿ ತರಬೇಕು. ಬಂದದ್ದನ್ನು ಬಡಾವಣೆಗೊಂದು ಹೊತ್ತು ಅಂತ ಹಂಚಬೇಕು. ಅವಳ ಬೀದಿಯ ಪಾಳಿ ರಾತ್ರಿ. ನಮ್ಮ ರೂಮಿನ ಗೋಡೆಯಲ್ಲಿ ಆ ನಕ್ಷೆ ಈಗಲೂ ಇದೆ.

ಎಲ್ಲರೂ ಹೀಗೆ ಮಾಡುತ್ತಾರಾ? ಇಲ್ಲ. ಬಂದು ಸುಮ್ನೆ ಕೂರುವವರೂ ಇದ್ದಾರೆ. ಒಬ್ಬ ಹುಡುಗ ತುಂಬಾ ದಿನ ಏನೂ ಮಾಡಲಿಲ್ಲ, ವೈರ್ ಸುತ್ತುತ್ತಾ ಹರಟೆ ಹೊಡೆಯುತ್ತಿದ್ದ. ಸ್ವಯಂಸೇವಕರೊಬ್ಬರಿಗೆ ಇದು ಸಹಿಸಲಾಗಲಿಲ್ಲ. ಆಮೇಲೊಂದು ದಿನ ಹಳೆ ಫೋನ್ ಕೇಳಿ ತೆಗೆದುಕೊಂಡು ಬೀದಿಯ ಕೂಗುಗಳನ್ನು ರೆಕಾರ್ಡ್ ಮಾಡತೊಡಗಿದ. ಸೊಪ್ಪಿನವರು, ಉಪ್ಪಿನವರು, ಹಳೇ ಪೇಪರ್. ಈಗ ಹೆಚ್ಚಿನ ತಳ್ಳುಗಾಡಿಯಲ್ಲಿ ಮೈಕಿನಲ್ಲಿ ರೆಕಾರ್ಡಿಂಗ್ ಓಡುತ್ತಿರುತ್ತದಲ್ಲ, ಬಾಯಿಯಲ್ಲೇ ಕೂಗುವವರು ಯಾರು ಉಳಿದಿದ್ದಾರೆ ಅಂತ ಹುಡುಕಿಕೊಂಡು ಹೋದ. ಅಡಾಸಿಟಿಯಲ್ಲಿ ಕತ್ತರಿಸಿ ಜೋಡಿಸಿದ. ಅದು ಉಚಿತ ತಂತ್ರಾಂಶ, ಹಳೆ ಕಂಪ್ಯೂಟರಿನಲ್ಲೂ ಓಡುತ್ತದೆ. ಷಿಕಾಗೋದ ಸಾರ್ವಜನಿಕ ಗ್ರಂಥಾಲಯದಲ್ಲಿ 2009ರಲ್ಲಿ ಯೂಮೀಡಿಯಾ ಅಂತ ಹದಿಹರೆಯದವರ ಜಾಗ ಮಾಡಿದಾಗ, ಸುಮ್ನೆ ಗೆಳೆಯರ ಜೊತೆ ಕೂರಲು ಬರುವವರಿಗೂ ಲೆಕ್ಕ ಹಾಕಿಯೇ ಮಾಡಿದರು. ಕೂರುವುದು, ಕೈಯಾಡಿಸುವುದು, ಆಮೇಲೆ ಅದರಲ್ಲೇ ಮುಳುಗುವುದು. ಮೊದಲ ಮೆಟ್ಟಿಲು ಕಿತ್ತುಹಾಕಿದರೆ ಮೂರನೆಯದಕ್ಕೆ ಯಾರು ಹತ್ತುತ್ತಾರೆ?

ನಮ್ಮ ಊರಿನಲ್ಲೂ ಇಂಥ ಜಾಗವೊಂದಿತ್ತು. ಬನ್ನೇರುಘಟ್ಟ ರಸ್ತೆ ಕಡೆಯ ಸುದರ್ಶನ ಲೇಔಟ್‌ನಲ್ಲಿ ಮುಕ್ತ ತಂತ್ರಾಂಶದ ಯುವಕರು, ಬಡಾವಣೆಯ ಹುಡುಗರು ಸೇರಿ ಅಂಬೇಡ್ಕರ್ ಹೆಸರಿನಲ್ಲಿ ಒಂದು ಸಮುದಾಯ ಕಂಪ್ಯೂಟರ್ ಕೇಂದ್ರ ಮಾಡಿದ್ದರು. ಯಾರೋ ಕೊಟ್ಟ ಹಳೆ ಕಂಪ್ಯೂಟರ್‌ಗಳು. ಅಲ್ಲಿಯ ಮಕ್ಕಳು ಜಿಂಪ್ ಅನ್ನುವ ಉಚಿತ ತಂತ್ರಾಂಶದಲ್ಲಿ ಚಿತ್ರ ಬಿಡಿಸುತ್ತಿದ್ದರು.

ಹುಡುಗಿಯರ ವಿಷಯ ಬೇರೆಯಾಗಿಯೇ ಹೇಳಬೇಕು. ಬಾಗಿಲು ಎಲ್ಲರಿಗೂ ತೆರೆದಿದೆ ಅಂದರೆ ಹುಡುಗರು ತುಂಬಿಕೊಳ್ಳುತ್ತಾರೆ. ಹುಡುಗಿಗೆ ಸಂಜೆ ಪಾತ್ರೆ ಇದೆ, ತಮ್ಮನನ್ನು ನೋಡಿಕೊಳ್ಳುವುದಿದೆ, ಕತ್ತಲಾಗುವ ಮೊದಲು ಮನೆ ಸೇರಬೇಕು. ನಾವು ತಮ್ಮ ತಂಗಿಯರನ್ನೂ ಕರೆದುಕೊಂಡು ಬನ್ನಿ ಅಂದೆವು. ಗಲಾಟೆ ಜಾಸ್ತಿಯಾಯಿತು, ಒಪ್ಪುತ್ತೇನೆ, ಅಂಟು ಒಂದು ಕಡೆ ಇದ್ದರೆ ಮಗು ಒಂದು ಕಡೆ. ಆದರೆ ಹುಡುಗಿಯರು ಬಂದರು. ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ ಅಮ್ಮಂದಿರು ದಾರಿಯಲ್ಲೇ ಇಬ್ಬರನ್ನೂ ಕರೆದುಕೊಂಡು ಹೋಗುತ್ತಾರೆ.

ಜೊತೆಗಿರುವ ದೊಡ್ಡವರು ಯಾರು? ಇಂಜಿನಿಯರಿಂಗ್ ಓದುವವರು ಬರುತ್ತಾರೆ, ಪರೀಕ್ಷೆ ಬಂದರೆ ಮಾಯ. ಬೆಂಗಳೂರಿನ ನಿಜವಾದ ಆಸ್ತಿ ಬೇರೆ ಇದೆ. ಇಲ್ಲಿಯ ದೊಡ್ಡ ಸರ್ಕಾರಿ ಕಾರ್ಖಾನೆಗಳನ್ನು ನೋಡಿ. ಎಚ್‌ಎಎಲ್ 1940ರಲ್ಲಿ ಬಂತು, ಐಟಿಐ 1948, ಎಚ್‌ಎಂಟಿ 1953, ಬಿಇಎಲ್ 1954. ಅಲ್ಲಿ ದುಡಿದು ರಿಟೈರ್ ಆದವರು, ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಲೇತ್ ಮೇಲೆ ಕೈ ಪಳಗಿದವರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಬೆಳಗ್ಗೆ ವಾಕಿಂಗ್, ಆಮೇಲೆ ಪೇಪರು, ಆಮೇಲೆ ಏನು ಅಂತ ಗೊತ್ತಿಲ್ಲ. ಅವರನ್ನು ಕರೆಯಿರಿ. ಒಂದೇ ಷರತ್ತು: ಪಾಠ ಮಾಡಬೇಡಿ, ನಿಮ್ಮದೇ ಕೆಲಸ ತಂದು ಇಲ್ಲಿ ಕೂತು ಮಾಡಿ. ನಾನು ಆಗ ಹೇಳಿದ ಟ್ರಾನ್ಸಿಸ್ಟರ್ ಹಿರಿಯರು ಮನೆಯ ಕೆಟ್ಟ ರೇಡಿಯೋ ತಂದು ರಿಪೇರಿ ಮಾಡುತ್ತಾ ಕೂರುತ್ತಾರೆ. ಮಕ್ಕಳು ತಾವಾಗಿ ಸುತ್ತ ಸೇರುತ್ತಾರೆ. "ತಾತ, ಇದೇನು?" ಅಂದರೆ ಹೇಳುತ್ತಾರೆ, ಕೇಳದಿದ್ದರೆ ಇಲ್ಲ.

ಇಂಥ ರೂಮು ಶುರು ಮಾಡಬೇಕು ಅನ್ನುವವರು ಜಾಗ ಎಲ್ಲಿಂದ ತರುವುದು ಅಂತ ಕೇಳುತ್ತಾರೆ. ಬಾಡಿಗೆ ಕೊಟ್ಟು ನಡೆಸುವುದು ಈ ಊರಿನಲ್ಲಿ ಆಗುವ ಮಾತಲ್ಲ. ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಸೆಸ್ ಹೋಗುತ್ತದೆ, ರಸೀದಿ ತೆಗೆದು ನೋಡಿ. ಬಡಾವಣೆಯ ಗ್ರಂಥಾಲಯದಲ್ಲಿ ಒಂದು ರೂಮು, ಇಲ್ಲ ಒಂದು ಮೂಲೆ, ಸಂಜೆಗೆ ಕೇಳುವ ಹಕ್ಕು ನಿಮಗಿದೆ. ಸದ್ದಾಗುತ್ತದೆ ಅನ್ನುತ್ತಾರೆ. ಆಗುತ್ತದೆ. ಷಿಕಾಗೋದವರು ಆ ಸದ್ದನ್ನು ಗ್ರಂಥಾಲಯದೊಳಗೇ ಇಟ್ಟುಕೊಂಡರು ಅಂತ ಹೇಳಿ. ಗ್ರಂಥಾಲಯ ಸಿಗದಿದ್ದರೆ ಸರ್ಕಾರಿ ಶಾಲೆಯ ಖಾಲಿ ಕೋಣೆ. ಶಾಲೆಯ ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯವರ ಜೊತೆ ಮೊದಲು ಮಾತಾಡಿ, ಹೆಡ್‌ಮಾಸ್ಟರ್‌ಗೆ ರಿಜಿಸ್ಟರ್ ಭಯ ಇಲ್ಲದ ಹಾಗೆ ನಿಮ್ಮ ಸಾಮಾನು ನಿಮ್ಮ ಹೆಸರಿನಲ್ಲೇ ಇರಲಿ.

ಸುರಕ್ಷತೆಯ ಬಗ್ಗೆಯೂ ಕೇಳುತ್ತಾರೆ. ಮನೆ ಕರೆಂಟಿನಲ್ಲಿ ಮಕ್ಕಳ ಪ್ರಯೋಗ ಇಲ್ಲ, ಎಲ್ಲ ಬ್ಯಾಟರಿಯಲ್ಲೇ. ಸೋಲ್ಡರಿಂಗ್ ಐರನ್ ಒಂದೇ ಟೇಬಲ್ಲಿನಲ್ಲಿ, ಪಕ್ಕದಲ್ಲಿ ದೊಡ್ಡವರೊಬ್ಬರು, ಕಿಟಕಿ ತೆರೆದಿರಬೇಕು. ಮೊಬೈಲ್ ಬ್ಯಾಟರಿಯನ್ನು ಯಾರೂ ಬಿಚ್ಚುವಂತಿಲ್ಲ, ಅದಕ್ಕೆ ಬೆಂಕಿ ಹತ್ತುತ್ತದೆ.

ಪರೀಕ್ಷೆ ಹೊತ್ತಿಗೆ ಏನು ಮಾಡುವುದು ಅನ್ನುವುದು ಕೊನೆಯ ಪ್ರಶ್ನೆ. ಫೆಬ್ರವರಿ ಹೊತ್ತಿಗೆ ಮಕ್ಕಳು ಕಡಿಮೆಯಾಗುತ್ತಾರೆ, ಮನೆಯವರು ಕಳಿಸುವುದಿಲ್ಲ. ಮಾರ್ಚ್‌ನಲ್ಲಿ ಕೆಲವೊಮ್ಮೆ ಇಬ್ಬರೇ ಇರುತ್ತಾರೆ. ಆಗ ರೂಮು ಮುಚ್ಚಿಬಿಡೋಣ ಅಂತ ಅನ್ನಿಸುತ್ತದೆ, ಮುಚ್ಚಬೇಡಿ. ಆ ತಿಂಗಳಲ್ಲಿ ಬರುವವರು ಹೆಚ್ಚಾಗಿ ಎಸ್‌ಎಸ್‌ಎಲ್‌ಸಿಯವರೇ. ಅರ್ಧ ಗಂಟೆ ಬಂದು, ತಮ್ಮ ಡಬ್ಬ ತೆಗೆದು, ಏನೋ ಒಂದು ಸ್ಕ್ರೂ ತಿರುಗಿಸಿ, ಓದಲು ಹೋಗುತ್ತಾರೆ. ಅವರ ಡಬ್ಬ ಮಾತ್ರ ಏಪ್ರಿಲ್‌ವರೆಗೆ ಯಾರೂ ಮುಟ್ಟಬಾರದು ಅಂತ ಉಳಿದ ಮಕ್ಕಳಿಗೆ ಮೊದಲೇ ಹೇಳಿಡಿ.